ಎಟ್ರಿಕ್ ಪ್ಯಾರಿಷಿನ ಕುರಿಗಾಹಿ ಮನೆತನಗಳು: ವಂಶಶೋಧನೆಯ ಆಕರಗಳನ್ನು ಕುರಿತು

ವಂಶಾವಳಿಯೆಂದೊಡನೆ ನಮ್ಮ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು ರಾಜಶಾಸನಗಳ ಆರಂಭಭಾಗ. ಚಂದ್ರನಿಂದಲೋ ಸೂರ್ಯನಿಂದಲೋ ತೊಡಗಿ ದಾನಮಾಡಿದ ದೊರೆಯವರೆಗೆ ಇಳಿದುಬರುವ ಪೀಳಿಗೆಗಳ ಪಟ್ಟಿಯನ್ನು ಪರೀಕ್ಷಿಸಿ, ಪುರಾಣ ಎಲ್ಲಿ ಮುಗಿದು ಚರಿತ್ರೆ ಎಲ್ಲಿ ಮೊದಲಾಗುತ್ತದೆಂದು ಗೆರೆಯೆಳೆಯುವುದು ನಮ್ಮ ವಿದ್ವಾಂಸರಿಗೆ ಬಹುಕಾಲದಿಂದ ರೂಢಿಯಾಗಿರುವ ಕೆಲಸ. ಆದರೆ ಶಾಸನ ಹಾಕಿಸದ, ಭೂಮಿಯ ಒಡೆತನವಿಲ್ಲದ, ಮತ್ತೊಬ್ಬರ ಕುರಿಗಳನ್ನು ಕಾಯ್ದು ಜೀವಿಸಿದ ಮನುಷ್ಯನೊಬ್ಬನ ಅಜ್ಜ ಮುತ್ತಜ್ಜಂದಿರನ್ನು ಎಷ್ಟು ದೂರದವರೆಗೆ, ಎಷ್ಟರ ಮಟ್ಟಿನ ನಿಶ್ಚಯದಿಂದ ಗುರುತಿಸಬಹುದು? ಈ ಪ್ರಶ್ನೆಯನ್ನು ಸ್ಕಾಟ್ಲೆಂಡಿನ ಗಡಿನಾಡಿನ ಎಟ್ರಿಕ್ ಎಂಬ ಒಂದೇ ಪ್ಯಾರಿಷಿಗೆ ಸೀಮಿತಗೊಳಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪ್ಯಾರಿಷನ್ನೇ ಆರಿಸಿಕೊಳ್ಳಲು ಕಾರಣವುಂಟು. ಅಲ್ಲಿನ ಒಂದೇ ಕುರಿಗಾಹಿ ಮನೆತನದಿಂದ ಇನ್ನೂರು ವರ್ಷಗಳ ಅಂತರದಲ್ಲಿ ಇಬ್ಬರು ದೊಡ್ಡ ಬರಹಗಾರರು ಬಂದುದರಿಂದ, ಸಾಮಾನ್ಯವಾಗಿ ಯಾರೂ ಕಣ್ಣೆತ್ತಿ ನೋಡದ ಬಡವರ ದಾಖಲೆಗಳನ್ನು ಇಲ್ಲಿ ವಿದ್ವಾಂಸರು ತಿರುವಿಹಾಕಿದ್ದಾರೆ. ಆದ್ದರಿಂದ ಪ್ರತಿಯೊಂದು ಆಕರದ ಬಲಾಬಲಗಳನ್ನು ತಿಳಿದ ಸಂಗತಿಗಳ ಮೇಲೆಯೇ ಒರೆಹಚ್ಚಿ ನೋಡುವ ಅವಕಾಶ ನಮಗೆ ಒದಗಿದೆ.

ಎಟ್ರಿಕ್ ಹಿಂದಿನ ಸೆಲ್ಕರ್ಕ್ ಕೌಂಟಿಗೆ ಸೇರಿದ್ದ ಗುಡ್ಡಗಾಡು ಸೀಮೆ. ಅದೇ ಹೆಸರಿನ ಹೊಳೆ ಅದರ ನಡುವೆ ಹರಿಯುತ್ತದೆ. ಪ್ಯಾರಿಷೆಂದರೆ ಒಂದು ಚರ್ಚಿನ ಆಡಳಿತಕ್ಕೆ ಒಳಪಟ್ಟ ಪ್ರದೇಶವೆಂದು ಸ್ಥೂಲವಾಗಿ ಹೇಳಬಹುದಾದರೂ, ಸ್ಕಾಟ್ಲೆಂಡಿನಲ್ಲಿ ಬಡವರ ಪೋಷಣೆ, ಶಾಲೆ, ನಡತೆಯ ವಿಚಾರಣೆ ಇವೆಲ್ಲವೂ ಪ್ಯಾರಿಷಿಗೇ ಸೇರಿದ್ದುದರಿಂದ ನಮ್ಮ ಹೋಬಳಿ ಮತ್ತು ಮಠ ಎರಡರ ಕಾರ್ಯಗಳೂ ಅದರಲ್ಲಿ ಕೂಡಿದ್ದವೆನ್ನಬೇಕು. ಸರ್ ಜಾನ್ ಸಿಂಕ್ಲೇರನು ೧೭೯೦ರ ದಶಕದಲ್ಲಿ ಸ್ಕಾಟ್ಲೆಂಡಿನ ಎಲ್ಲ ಪಾದ್ರಿಗಳಿಂದಲೂ ಅವರವರ ಪ್ಯಾರಿಷಿನ ವಿವರಣೆಯನ್ನು ಬರೆಯಿಸಿ ಪ್ರಕಟಿಸಿದನಷ್ಟೆ. ಅದರಲ್ಲಿ ಎಟ್ರಿಕ್ಕಿನ ಪಾದ್ರಿಯು ತನ್ನ ಸೀಮೆಗೆ ಯಾವ ಅನುಕೂಲವೂ ಇಲ್ಲವೆಂದು ನಿಷ್ಠುರವಾಗಿ ಹೇಳಿದ್ದಾನೆ. ಸಂತೆಯ ಪಟ್ಟಣ ಹದಿನೈದು ಮೈಲಿ ದೂರ, ದಾರಿಗಳು ನಡೆಯಲಾಗದಂಥವು, ಸೇತುವೆಗಳಿಲ್ಲ, ಬಾರ್ಲಿ, ಓಟ್ಸ್, ಆಲೂಗಡ್ಡೆಗಳಲ್ಲದೆ ಬೇರೆ ಬೆಳೆಯಿಲ್ಲ, ಹಿಮ ಬಿದ್ದರೆ ಹೊರಜಗತ್ತಿನ ಸಂಪರ್ಕವೇ ಇಲ್ಲ. ಭೂಮಿಯ ಒಡೆಯರು ಹತ್ತು ಮಂದಿ, ಅವರಲ್ಲಿ ಒಬ್ಬನೂ ಪ್ಯಾರಿಷಿನಲ್ಲಿ ವಾಸಿಸುವುದಿಲ್ಲ. ಈ ಕೊನೆಯ ಮಾತು ನಮ್ಮ ವಿಷಯಕ್ಕೆ ಮುಖ್ಯವಾದುದು. ಅಲ್ಲಿ ವಾಸಿಸುತ್ತಿದ್ದವರೆಲ್ಲ ಗೇಣಿದಾರರು, ಕುರಿಗಾಹಿಗಳು, ಆಳುಗಳು. ಎಂದರೆ ಭೂದಾಖಲೆಗಳಲ್ಲಿ ಹೆಸರು ಕಾಣಿಸದ ಜನ. ಸ್ಕಾಟ್ಲೆಂಡಿನಲ್ಲಿ ಭೂಮಿಯ ಹಸ್ತಾಂತರಗಳನ್ನು ನಮೂದಿಸುವ ರಿಜಿಸ್ಟರು ೧೬೧೭ರಿಂದಲೂ ನಡೆದುಬಂದಿದೆ. ಅದು ಒಡೆಯರ ಪುಸ್ತಕ. ಎಟ್ರಿಕ್ಕಿನ ಬಹುಪಾಲು ಜನಕ್ಕೆ ಅದರಲ್ಲಿ ಸ್ಥಳವಿರಲಿಲ್ಲ.

ಇದಕ್ಕಿಂತ ಹಿಂದಿನ ಕಾಲವನ್ನು ಕುರಿತು ಎರಡು ಮಾತು ಹೇಳದಿದ್ದರೆ ಅಲ್ಲಿನ ಹೆಸರುಗಳ ಸಮಸ್ಯೆ ಅರ್ಥವಾಗುವುದಿಲ್ಲ. ಇಂಗ್ಲೆಂಡು ಸ್ಕಾಟ್ಲೆಂಡುಗಳು ೧೬೦೩ರಲ್ಲಿ ಒಬ್ಬನೇ ದೊರೆಯ ಕೆಳಗೆ ಬರುವವರೆಗೂ ಈ ಗಡಿನಾಡು ನಮ್ಮ ವೀರಗಲ್ಲುಗಳಲ್ಲಿ ಕಾಣುವ ತುರುಗೋಳಿನಂಥ ದಾಳಿಗಳ ನೆಲವಾಗಿತ್ತು. ಒಂದೊಂದು ಕುಲದವರು ಒಂದೊಂದು ಕಣಿವೆಯಲ್ಲಿ ಗುಂಪಾಗಿ ನೆಲೆಸಿ, ಎದುರು ಪಕ್ಷದ ದನಕರುಗಳನ್ನು ಹೊಡೆದುಕೊಂಡು ಬರುತ್ತಿದ್ದರು. ಜಾನಿ ಆರ್ಮ್‌ಸ್ಟ್ರಾಂಗನನ್ನು ಐದನೆಯ ಜೇಮ್ಸ್ ದೊರೆ ೧೫೩೦ರಲ್ಲಿ ಗಲ್ಲಿಗೇರಿಸಿದುದು, ಕಿನ್‌ಮಾಂಟ್ ವಿಲ್ಲಿಯನ್ನು ೧೫೯೬ರಲ್ಲಿ ಕಾರ್ಲೈಲ್ ಕೋಟೆಯಿಂದ ಬಿಡಿಸಿಕೊಂಡು ಬಂದುದು ಮೊದಲಾದ ಸಂಗತಿಗಳು ಲಾವಣಿಗಳಾಗಿ ಉಳಿದಿವೆ. ಕುಲಗಳು ಹೀಗೆ ಗುಂಪುಗೂಡಿದುದರ ಫಲವಾಗಿ ಒಂದೇ ಕಣಿವೆಯಲ್ಲಿ ಒಂದೇ ಮನೆತನದ ಹೆಸರನ್ನು ಹೊತ್ತ ಜಾನರೂ ವಿಲ್ಲಿಯರೂ ಹತ್ತಾರು ಮಂದಿ ಇರುತ್ತಿದ್ದರು. ಅವರನ್ನು ಜನ ತಂದೆಯ ಹೆಸರಿನಿಂದಲೋ, ಮೈಯ ಗುರುತಿನಿಂದಲೋ, ಹೆಚ್ಚಾಗಿ ವಾಸವಾಗಿದ್ದ ಒಕ್ಕಲುಮನೆಯ ಹೆಸರಿನಿಂದಲೋ ಕರೆದು ಬೇರ್ಪಡಿಸುತ್ತಿದ್ದರು. ದಾಳಿಗಳು ನಿಂತುಹೋಗಿ ಕುರಿಸಾಕಣೆ ಬಲವಾದ ಮೇಲೂ ಈ ಪದ್ಧತಿ ನಿಲ್ಲಲಿಲ್ಲ. ಆದ್ದರಿಂದ ಗಡಿನಾಡಿನ ವಂಶಶೋಧಕನು ಮನೆತನದ ಹೆಸರಿಗಿಂತ ಒಕ್ಕಲುಮನೆಯ ಹೆಸರನ್ನು ಹೆಚ್ಚು ಜಾಗ್ರತೆಯಿಂದ ಗುರುತುಹಾಕಿಕೊಳ್ಳಬೇಕು. ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗುವಿನ ತಂದೆಯ ಹೆಸರಿನೊಡನೆ ಆತನು ಯಾವ ಒಕ್ಕಲಿನಲ್ಲಿದ್ದಾನೆಂಬುದನ್ನು ಸಾಮಾನ್ಯವಾಗಿ ಬರೆಯುತ್ತಿದ್ದರು. ಜನರ ಬಾಯಲ್ಲಿಯೂ ಅದೇ ಹೆಸರಿತ್ತು. ಬರಹ ಮತ್ತು ಬಾಯಿಮಾತು ಸಂಧಿಸುವ ಸ್ಥಳ ಅದೊಂದೇ.

ಒಂದೇ ಪ್ಯಾರಿಷಿಗೆ ಸಂಬಂಧಿಸಿದ ಎರಡು ವಂಶಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಆಕರಗಳ ವಿಷಮತೆ ಎದ್ದುಕಾಣುತ್ತದೆ. ಎಟ್ರಿಕ್ ಕಣಿವೆಯ ಥರ್ಲ್‌ಸ್ಟೇನಿನ ಒಡೆಯರು ನೇಪಿಯರ್ ಮನೆತನದವರು. ಇವರ ವಂಶವನ್ನು ಸ್ತ್ರೀಸಂತಾನದ ಮೂಲಕ, ಲಾಗರಿತಮ್ಮನ್ನು ೧೬೧೪ರಲ್ಲಿ ಲೋಕಕ್ಕೆ ಕೊಟ್ಟ ಜಾನ್ ನೇಪಿಯರನವರೆಗೆ ತಡೆಯಿಲ್ಲದೆ ಒಯ್ಯಬಹುದು. ಥರ್ಲ್‌ಸ್ಟೇನಿನಲ್ಲಿ ೧೮೧೯ರಲ್ಲಿ ಹುಟ್ಟಿದ ಫ್ರಾನ್ಸಿಸ್ ನೇಪಿಯರನು ೧೮೬೬ರಿಂದ ೧೮೭೨ರವರೆಗೆ ಮದರಾಸಿನ ಗವರ್ನರನಾಗಿದ್ದನೆಂಬುದನ್ನು ನಮ್ಮ ವಾಚಕರು ಬಲ್ಲರು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಆ ಆರು ವರ್ಷ ಈತನ ಆಡಳಿತಕ್ಕೆ ಒಳಪಟ್ಟಿದ್ದವು. ಮೇಯೋ ಪ್ರಭುವಿನ ಕೊಲೆಯಾದ ಮೇಲೆ ಈತನು ೧೮೭೨ರಲ್ಲಿ ಕೆಲಕಾಲ ವೈಸರಾಯನ ಸ್ಥಾನದಲ್ಲಿಯೂ ಇದ್ದು, ಅದೇ ವರ್ಷ ಎಟ್ರಿಕ್ಕಿನ ಬ್ಯಾರನ್ ಎಂಬ ಬಿರುದನ್ನು ಪಡೆದನು. ಇಂಥವರ ವಂಶಾವಳಿಗೆ ಸಂಶೋಧಕ ಬೇಕಾಗಿಲ್ಲ. ಬಿರುದು, ಭೂಮಿ, ಮೃತ್ಯುಪತ್ರ ಇವುಗಳಿಗಾಗಿ ನಡೆದ ಬರವಣಿಗೆಯೇ ಆ ಕೆಲಸವನ್ನು ಮಾಡಿ ಮುಗಿಸಿದೆ. ಈತನು ಹುಟ್ಟುವುದಕ್ಕೆ ಒಂದು ವರ್ಷ ಮೊದಲು, ೧೮೧೮ರಲ್ಲಿ, ಅದೇ ಸೀಮೆಯ ಜೇಮ್ಸ್ ಲೇಡ್‌ಲಾ ಎಂಬ ವೃದ್ಧ ಕುರಿಗಾಹಿ ಮಕ್ಕಳೊಡನೆ ಲೀತ್ ಬಂದರಿನಿಂದ ಹಡಗು ಹತ್ತಿ ಕೆನಡಾಕ್ಕೆ ಹೋದನು. ನಮ್ಮ ಗಮನಕ್ಕೆ ವಿಷಯವಾಗಿರುವುದು ಈ ಎರಡನೆಯ ವಂಶ.

ಲೇಡ್‌ಲಾ ಮನೆತನದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವ ಮೊದಲ ವ್ಯಕ್ತಿ ವಿಲಿಯಂ ಲೇಡ್‌ಲಾ. ಹದಿನೇಳನೆಯ ಶತಮಾನದ ಕೊನೆಯ ದಶಕದಲ್ಲಿ ಹುಟ್ಟಿ, ಕಣಿವೆಯ ತಲೆಯಲ್ಲಿರುವ ಫಾಪ್ ಎಂಬ ಒಕ್ಕಲಿನಲ್ಲಿ ಕುರಿ ಕಾಯ್ದುಕೊಂಡಿದ್ದ ಈತನನ್ನು ಜನ ಫಾಪಿನ ವಿಲ್ ಎಂದೇ ಕರೆಯುತ್ತಿದ್ದರು. ಓಟದಲ್ಲಿ, ಜಿಗಿತದಲ್ಲಿ ಆತನಿಗೆ ಸಮಾನರಿರಲಿಲ್ಲವೆಂದೂ ಆ ಸೀಮೆಯಲ್ಲಿ ಯಕ್ಷಿಣಿಯರೊಡನೆ ಮಾತಾಡಿದವರಲ್ಲಿ ಆತನೇ ಕೊನೆಯವನೆಂದೂ ಪ್ರತೀತಿ. ಆತನ ಮಗಳು ಮಾರ್ಗರೆಟ್ ಲೇಡ್‌ಲಾ (೧೭೩೦–೧೮೧೩). ಆಕೆಯ ಮಗನೇ ‘ಎಟ್ರಿಕ್ಕಿನ ಕುರಿಗಾಹಿ’ಯೆಂದು ಪ್ರಸಿದ್ಧನಾದ ಕವಿ, ಕಾದಂಬರಿಕಾರ ಜೇಮ್ಸ್ ಹಾಗ್. ಕೆನಡಾಕ್ಕೆ ಹೋದ ಜೇಮ್ಸ್ ಲೇಡ್‌ಲಾ ಇವನಿಗೆ ತಾಯಿಯ ಕಡೆಯ ಬಂಧು. ೨೦೧೩ರಲ್ಲಿ ನೊಬೆಲ್ ಪಾರಿತೋಷಕ ಪಡೆದು ೨೦೨೪ರಲ್ಲಿ ತೀರಿಕೊಂಡ ಕಥೆಗಾರ್ತಿ ಆಲಿಸ್ ಮನ್ರೋ ಹುಟ್ಟಿದ ಮನೆಯ ಹೆಸರಿನಿಂದ ಆಲಿಸ್ ಲೇಡ್‌ಲಾ. ಆ ವಲಸಿಗನ ಸಂತತಿಯವರು.

ಮೊದಲನೆಯ ಆಕರವಾದ ಪ್ಯಾರಿಷ್ ರಿಜಿಸ್ಟರನ್ನು ನೋಡೋಣ. ದೀಕ್ಷಾಸ್ನಾನಗಳನ್ನೂ ವಿವಾಹಪ್ರಕಟಣೆಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ಸ್ಕಾಟ್ಲೆಂಡಿನ ಚರ್ಚು ೧೫೫೨ರಲ್ಲಿ ವಿಧಿಸಿತು. ಉಳಿದುಬಂದಿರುವವುಗಳಲ್ಲಿ ಅತ್ಯಂತ ಹಳೆಯದು ಪರ್ತ್‌ಶೈರಿನ ಎರಲ್ ಪ್ಯಾರಿಷಿನದು. ಅದು ೧೫೫೩ರಲ್ಲಿ ಆರಂಭವಾಗುತ್ತದೆ. ಬಹುತೇಕ ಹಳ್ಳಿಗಾಡಿನ ಪ್ಯಾರಿಷುಗಳಲ್ಲಿ ಪುಸ್ತಕಗಳು ಮೊದಲಾಗುವುದು ಇದಕ್ಕೆ ಬಹಳ ತಡವಾಗಿ. ಇವುಗಳನ್ನು ಜನನ, ವಿವಾಹ, ಮರಣಗಳ ರಿಜಿಸ್ಟರೆಂದು ಕರೆಯುವುದು ವಾಡಿಕೆಯಾದರೂ ನಿಷ್ಕೃಷ್ಟವಾಗಿ ನೋಡಿದರೆ ಮೂರೂ ತಪ್ಪು. ಬರೆದಿರುವುದು ಜನನವನ್ನಲ್ಲ, ದೀಕ್ಷಾಸ್ನಾನವನ್ನು. ವಿವಾಹವನ್ನಲ್ಲ, ವಿವಾಹವಾಗಲಿದೆಯೆಂಬ ಪ್ರಕಟಣೆಯನ್ನು. ಮರಣದ ವಿಷಯದಲ್ಲಂತೂ ಎಷ್ಟೋ ಕಡೆ ಇರುವುದು ಶವದ ಮೇಲೆ ಹೊದಿಸುವ ಬಟ್ಟೆಯನ್ನು ಚರ್ಚಿನಿಂದ ಬಾಡಿಗೆಗೆ ಪಡೆದ ಲೆಕ್ಕ ಮಾತ್ರ.

ಹೀಗಿದ್ದರೂ ಈ ಪುಸ್ತಕಕ್ಕೆ ಎಂಥ ಬಲವಿದೆಯೆಂಬುದಕ್ಕೆ ಹಾಗ್ ಕವಿಯ ಜನ್ಮದಿನವೇ ಸಾಕ್ಷಿ. ತಾನು ೧೭೭೨ರ ಜನವರಿ ೨೫ರಂದು ಹುಟ್ಟಿದವನೆಂದು ಹಾಗ್ ಹೇಳಿಕೊಂಡಿದ್ದನು. ಜನವರಿ ೨೫ ರಾಬರ್ಟ್ ಬರ್ನ್ಸ್ ಕವಿಯ ಜನ್ಮದಿನ. ನೇಗಿಲು ಹಿಡಿದ ಕವಿಯ ಉತ್ತರಾಧಿಕಾರಿ ಕುರಿ ಕಾಯುವ ಕವಿಯೆಂಬ ಭಾವನೆ ಹಾಗನ ಮನಸ್ಸಿನಲ್ಲಿ ಬಲವಾಗಿ ಬೇರೂರಿದ್ದಿತು; ಜನ್ಮದಿನದ ಹೊಂದಾಣಿಕೆ ಅದಕ್ಕೆ ದೈವದ ಮುದ್ರೆಯಂತಿತ್ತು. ಆದರೆ ಎಟ್ರಿಕ್ಕಿನ ರಿಜಿಸ್ಟರಿನಲ್ಲಿ ಆತನ ದೀಕ್ಷಾಸ್ನಾನ ನಡೆದುದು ೧೭೭೦ರ ಡಿಸೆಂಬರ್ ೯ರಂದು ಎಂದಿದೆ. ಹುಟ್ಟುವುದಕ್ಕೆ ಮೊದಲೇ ದೀಕ್ಷೆ ಕೊಡಲು ಯಾವ ಪಾದ್ರಿಗೂ ಸಾಧ್ಯವಿಲ್ಲವಷ್ಟೆ! ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಕೂಸು ತೀರಿಕೊಂಡರೆ ಅದರ ಹೆಸರನ್ನೇ ಮುಂದಿನ ಕೂಸಿಗೆ ಇಡುವ ರೂಢಿ ಆ ಕಾಲದಲ್ಲಿ ಸಾಮಾನ್ಯವಾಗಿತ್ತಾದ್ದರಿಂದ, ಒಂದು ಹೆಸರು ಕಂಡ ಮಾತ್ರಕ್ಕೆ ನಮಗೆ ಬೇಕಾದವನು ಸಿಕ್ಕಿದನೆಂದು ಹಿಗ್ಗಬಾರದು. ಮುಂದಿನ ಹತ್ತು ವರ್ಷಗಳ ಪುಟಗಳನ್ನಾದರೂ ನೋಡಬೇಕು. ಇದು ಎಲ್ಲ ವಂಶಶೋಧಕರಿಗೂ ಅನ್ವಯಿಸುವ ಎಚ್ಚರಿಕೆ. ಹಾಗನ ವಿಷಯದಲ್ಲಿ ಇಂದಿನ ಚರಿತ್ರಕಾರರೆಲ್ಲರೂ ೧೭೭೦ನ್ನೇ ಅಂಗೀಕರಿಸಿದ್ದಾರೆ. ಆತನು ಸುಳ್ಳು ಹೇಳಿದನೆಂದು ತೀರ್ಮಾನಿಸುವುದು ಅನಗತ್ಯ. ಆರು ತಿಂಗಳು ಶಾಲೆಗೆ ಹೋಗಿ, ಬಾಲ್ಯದಿಂದಲೇ ಬೇರೆಯವರ ಮನೆಯಲ್ಲಿ ಕೂಲಿಗೆ ನಿಂತವನಿಗೆ ತನ್ನ ವಯಸ್ಸು ಅಂದಾಜಿನ ಮಾತಾಗಿದ್ದಿರಬಹುದು. ಅಂದಾಜಿನ ವಯಸ್ಸಿಗೆ ಇಷ್ಟವಾದ ದಿನವನ್ನು ಕೂಡಿಸಿಕೊಳ್ಳುವುದು ಮನುಷ್ಯಸ್ವಭಾವ.

ಹಾಗಾದರೆ ನೆನಪಿಗಿಂತ ಬರಹ ಮೇಲೆಂದು ನಿರ್ಣಯಿಸೋಣವೇ? ಹಾಗನ ತಾಯಿಯ ಪ್ರಸಂಗವನ್ನು ನೋಡಿದರೆ ಅಷ್ಟು ಆತುರ ಸಲ್ಲದೆನಿಸುತ್ತದೆ. ವಾಲ್ಟರ್ ಸ್ಕಾಟನು ಗಡಿನಾಡಿನ ಲಾವಣಿಗಳ ಸಂಗ್ರಹದ ಮೊದಲೆರಡು ಸಂಪುಟಗಳನ್ನು ೧೮೦೨ರಲ್ಲಿ ಪ್ರಕಟಿಸಿ, ಅದೇ ವರ್ಷ ಎಟ್ರಿಕ್ಕಿಗೆ ಬಂದು ಮಾರ್ಗರೆಟ್ ಲೇಡ್‌ಲಾ ಹಾಡಿದ ಲಾವಣಿಯನ್ನು ಕೇಳಿದನು. ಹಾಡುವುದಕ್ಕಾಗಿ ಹುಟ್ಟಿದುದನ್ನು ಓದುವುದಕ್ಕೆಂದು ಅಚ್ಚುಹಾಕಿ ಕೆಡಿಸಿದಿರೆಂದೂ, ಬರೆದುಕೊಂಡುದೂ ಸರಿಯಾಗಿಲ್ಲವೆಂದೂ ಆಕೆ ಮುಖದ ಮೇಲೆಯೇ ಹೇಳಿದಳಂತೆ. ಈ ಮಾತಿಗೆ ನಮಗಿರುವ ಆಧಾರ ಮಗನ ಬರಹವೊಂದೇ. ಮಗನ ಕಥನಕೌಶಲವನ್ನು ಬಲ್ಲವರು ಪದಪದಕ್ಕೂ ಆಣೆಯಿಡಲಾರರು. ಆದರೂ ಆಕೆಯ ಕಂಠದಲ್ಲಿ ತಲೆಮಾರುಗಳ ಹಾಡು ನೆಲೆಸಿತ್ತೆಂಬುದು ನಿರ್ವಿವಾದ. ಅದರ ಫಲ ಸ್ಕಾಟನ ೧೮೦೩ರ ಮೂರನೆಯ ಸಂಪುಟದಲ್ಲಿದೆ. ಈ ಸಂಗ್ರಹಕಾರ್ಯದಲ್ಲಿ ಸ್ಕಾಟನಿಗೆ ನೆರವಾದವರಲ್ಲಿ ಪ್ರಮುಖನಾದ ಜಾನ್ ಲೇಡನ್ ಪಕ್ಕದ ರಾಕ್ಸ್‌ಬರೊ ಕೌಂಟಿಯ ಡೆನಮ್ ಎಂಬ ಹಳ್ಳಿಯವನು. ೧೮೦೩ರಲ್ಲಿ ಮದರಾಸಿಗೆ ಬಂದು, ಕರ್ನಲ್ ಮೆಕೆಂಜಿಯ ಮೈಸೂರು ಸರ್ವೇಕ್ಷಣೆಯಲ್ಲಿ ವೈದ್ಯನಾಗಿ ಸೇರಿ, ನಮ್ಮ ನಾಡಿನಲ್ಲಿ ಸಂಚರಿಸಿದವನು ಈತನೇ. ಪಾಳೆಯಗಾರರ ವಂಶಾವಳಿಗಳನ್ನು ಕೈಫಿಯತ್ತುಗಳಲ್ಲಿ ಕೂಡಿಹಾಕುತ್ತಿದ್ದ ಮೆಕೆಂಜಿಯ ತಂಡಕ್ಕೆ, ಮುದುಕಿಯರ ಬಾಯಿಂದ ಹಾಡುಗಳನ್ನು ಬರೆದುಕೊಂಡು ಪಳಗಿದ್ದ ಕೈಯೊಂದು ಹೀಗೆ ಗಡಿನಾಡಿನಿಂದ ಬಂದು ಸೇರಿತು.

ಫಾಪಿನ ವಿಲ್ಲನ ಕುರಿತು ಈಗ ನಮಗೆ ತಿಳಿದಿರುವುದೆಲ್ಲ ಬಹುಮಟ್ಟಿಗೆ ಆ ಮಗಳ ನೆನಪಿನಿಂದ ಮೊಮ್ಮಗನ ಲೇಖನಿಗೆ ಇಳಿದು ಬಂದುದು. ಎಟ್ರಿಕ್ಕಿನ ಚರ್ಚಿನಂಗಳದಲ್ಲಿ ವಿಲ್ಲನ ಸಮಾಧಿಯ ಕಲ್ಲೂ ಇದೆ. ಅದು ಆತನ ಆಟ, ಚುರುಕು, ಶಕ್ತಿಗಳನ್ನು ಕೊಂಡಾಡುತ್ತದೆ. ಸಮಾಧಿಯ ಕಲ್ಲು ಶಾಸನವೇ ಆದರೂ ಅದರಲ್ಲಿ ಪ್ರಶಸ್ತಿಯ ಭಾಗ ಯಾವುದು, ಸಂಗತಿಯ ಭಾಗ ಯಾವುದು ಎಂದು ಬೇರ್ಪಡಿಸುವ ಅಭ್ಯಾಸ ನಮ್ಮ ಶಾಸನಪಾಠಕರಿಗೆ ಹೊಸದಲ್ಲ. ರಿಜಿಸ್ಟರು ಕೊಡಬಲ್ಲದ್ದು ವಿಲ್ಲನ ಮಕ್ಕಳ ಹೆಸರು, ದಿನಾಂಕ. ಆತನು ಎಂಥವನೆಂಬುದನ್ನು ಅದು ಹೇಳಲಾರದು. ಮನೆಯ ನೆನಪಿಗೆ ಮನುಷ್ಯ ಗೊತ್ತು, ದಿನಾಂಕ ಗೊತ್ತಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಬಂದು ಒಕ್ಕಲು ಮನೆತನಗಳ ಪೀಳಿಗೆಯನ್ನು ಹೇಳುವ ಹೆಳವರಂಥ ವೃತ್ತಿಯವರು ಎಟ್ರಿಕ್ಕಿನ ಕುರಿಗಾಹಿಗಳಿಗೆ ಇರಲಿಲ್ಲ. ಆ ಕೆಲಸ ಮನೆಯ ಹೆಂಗಸರ ಪಾಲಿಗೆ ಬಂದಿತ್ತು.

ಇನ್ನು ರಿಜಿಸ್ಟರಿನ ಮೌನಗಳು. ಇವನ್ನು ಕಾಕತಾಳೀಯವೆಂದು ತಳ್ಳಿಹಾಕಬಾರದು, ಪ್ರತಿಯೊಂದಕ್ಕೂ ಕಾರಣವಿದೆ. ೧೭೮೩ರಲ್ಲಿ ಸರ್ಕಾರ ಪ್ರತಿಯೊಂದು ನಮೂದಿನ ಮೇಲೂ ಮೂರು ಪೆನ್ಸಿನ ತೆರಿಗೆ ಹಾಕಿತು. ಕಡುಬಡವರಿಗೆ ವಿನಾಯಿತಿ ಇದ್ದಿತು. ಆದರೆ ಬಡವರೆನ್ನಿಸಿಕೊಳ್ಳಲೂ ಒಪ್ಪದ, ಮೂರು ಪೆನ್ಸು ಕೊಡಲೂ ಮನಸ್ಸಿಲ್ಲದ ಕುಟುಂಬಗಳು ಮಕ್ಕಳ ಹೆಸರನ್ನು ಬರೆಯಿಸದೆ ಬಿಟ್ಟವು. ೧೭೯೪ರಲ್ಲಿ ತೆರಿಗೆ ರದ್ದಾಗುವ ಹೊತ್ತಿಗೆ ಹನ್ನೊಂದು ವರ್ಷಗಳ ಪುಟಗಳು ಅನೇಕ ಕಡೆ ತೆಳುವಾಗಿದ್ದವು. ಎರಡನೆಯದು ಮತಭೇದ. ತಾಮಸ್ ಬಾಸ್ಟನ್ ಎಂಬ ಪ್ರಸಿದ್ಧ ಧರ್ಮಬೋಧಕನು ಎಟ್ರಿಕ್ಕಿನ ಪಾದ್ರಿಯಾಗಿ ನೇಮಕಗೊಂಡುದು ೧೭೦೭ರ ಮೇ ೧ರಂದು, ಎಂದರೆ ಇಂಗ್ಲೆಂಡು ಸ್ಕಾಟ್ಲೆಂಡುಗಳ ಪಾರ್ಲಿಮೆಂಟುಗಳು ಒಂದಾದ ದಿನವೇ. ೧೭೩೨ರಲ್ಲಿ ಮೃತನಾಗುವವರೆಗೂ ಆತನು ಅಲ್ಲಿಯೇ ಇದ್ದನು. ಆತನು ಬಂದಾಗ ಪ್ಯಾರಿಷಿನ ಎಷ್ಟೋ ಜನ ರಾಷ್ಟ್ರೀಯ ಚರ್ಚನ್ನೇ ಒಪ್ಪದ ಮಕ್‌ಮಿಲನನ ಅನುಯಾಯಿಗಳಾಗಿ ದೂರ ನಿಂತಿದ್ದರೆಂಬುದನ್ನು ಬಾಸ್ಟನ್ ತನ್ನ ಆತ್ಮವೃತ್ತಾಂತದಲ್ಲಿ ನೋವಿನಿಂದ ಬರೆದುಕೊಂಡಿದ್ದಾನೆ. ೧೭೩೩ರಲ್ಲಿ ಮತ್ತೊಂದು ಗುಂಪು, ೧೭೬೧ರಲ್ಲಿ ಇನ್ನೊಂದು, ೧೮೪೩ರಲ್ಲಿ ಎಲ್ಲಕ್ಕಿಂತ ದೊಡ್ಡದು ಚರ್ಚಿನಿಂದ ಹೊರಬಿದ್ದವು. ಹೀಗೆ ಹೊರಬಿದ್ದವರ ಮಕ್ಕಳು ಪ್ಯಾರಿಷಿನ ಪುಸ್ತಕದಲ್ಲಿ ಕಾಣದಿರುವುದೇ ಸಹಜ. ಮೂರನೆಯದು ವಿವಾಹಪದ್ಧತಿ. ಸಾಕ್ಷಿಗಳ ಮುಂದೆ ಪರಸ್ಪರ ಒಪ್ಪಿಗೆ ಹೇಳಿದರೆ ಸ್ಕಾಟಿಷ್ ನ್ಯಾಯದಲ್ಲಿ ವಿವಾಹ ಸಿದ್ಧವಾಗುತ್ತಿತ್ತು. ೧೮೫೬ರಲ್ಲಿ ಇಪ್ಪತ್ತೊಂದು ದಿನಗಳ ವಾಸದ ನಿಯಮ ಬಂದಿತಾದರೂ, ಈ ಅವಕಾಶ ಪೂರ್ತಿಯಾಗಿ ಹೋದುದು ೧೯೪೦ರಲ್ಲಿ. ಗ್ರೆಟ್ನಾ ಗ್ರೀನಿಗೆ ಓಡಿಬಂದ ಇಂಗ್ಲಿಷ್ ಪ್ರಣಯಿಗಳ ಕಥೆ ಎಲ್ಲರಿಗೂ ಗೊತ್ತು. ಕೋಲ್ಡ್‌ಸ್ಟ್ರೀಮಿನ ಸೇತುವೆಯ ಬಳಿ ಗಡಿನಾಡಿನ ಆಳುಗಳೂ ಹೀಗೆಯೇ ಮದುವೆಯಾಗುತ್ತಿದ್ದರೆಂಬುದು ಅಷ್ಟಾಗಿ ತಿಳಿದಿಲ್ಲ.

ಇವೆಲ್ಲಕ್ಕಿಂತ ಶೋಧಕನನ್ನು ದಾರಿತಪ್ಪಿಸುವುದು ಜನರ ಅಲೆದಾಟ. ಗಡಿನಾಡಿನ ಒಕ್ಕಲುಗಳಲ್ಲಿ ಆಳನ್ನು ವರ್ಷಕ್ಕೆಂದು ಗೊತ್ತುಮಾಡಿಕೊಳ್ಳುವುದು ರೂಢಿ. ಬೇಸಗೆಗೆ ಮುನ್ನ ಆಳುಗಳ ಸಂತೆ ನೆರೆದು, ಮೇ ತಿಂಗಳಲ್ಲಿ ಹಳೆಯ ಮನೆಯನ್ನು ಬಿಟ್ಟು ಪಾತ್ರೆ, ಹಾಸಿಗೆ, ಮಕ್ಕಳನ್ನು ಗಾಡಿಗೇರಿಸಿ ಹೊಸ ಒಕ್ಕಲಿಗೆ ಹೋಗುತ್ತಿದ್ದರು. ಒಬ್ಬನೇ ತಂದೆಯ ಐದು ಮಕ್ಕಳಿಗೆ ಐದು ಪ್ಯಾರಿಷುಗಳಲ್ಲಿ ದೀಕ್ಷಾಸ್ನಾನವಾಗಿರುವುದು ಅಪರೂಪವಲ್ಲ. ಎಟ್ರಿಕ್ಕಿನಂಥ ಮೇಲುಸೀಮೆಯಲ್ಲಿ ಕುರಿಗಾಹಿಗಳು ಬಯಲುಸೀಮೆಯ ಆಳುಗಳಷ್ಟು ಅಲೆಯುತ್ತಿರಲಿಲ್ಲವೆಂಬುದು ನಿಜ. ಗುಡ್ಡವನ್ನೂ ಮಂದೆಯನ್ನೂ ಬಲ್ಲವನನ್ನು ಒಡೆಯನು ಸುಲಭವಾಗಿ ಬಿಡುವುದಿಲ್ಲ. ಆದರೆ ಅವರೂ ಕಣಿವೆಯಿಂದ ಕಣಿವೆಗೆ ಸರಿಯುತ್ತಲೇ ಇದ್ದರು.

ಅಲೆದಾಡುವವನನ್ನು ಹಿಡಿದು ನಿಲ್ಲಿಸಿದ್ದು ಕಿರ್ಕ್ ಸೆಷನ್. ಪಾದ್ರಿ ಮತ್ತು ಪ್ಯಾರಿಷಿನ ಹಿರಿಯರು ಕೂಡಿದ ಈ ಸಭೆ ಪ್ಯಾರಿಷಿಗೆ ಹೊಸದಾಗಿ ಬಂದವರಿಂದ ಹಿಂದಿನ ಪಾದ್ರಿ ಕೊಟ್ಟ ನಡತೆಪತ್ರವನ್ನು ಕೇಳುತ್ತಿತ್ತು. ಭಾನುವಾರ ಕೆಲಸ ಮಾಡಿದವರನ್ನೂ ಕುಡಿದು ಜಗಳವಾಡಿದವರನ್ನೂ ವಿಚಾರಿಸುತ್ತಿತ್ತು. ವಿವಾಹವಿಲ್ಲದೆ ಮಗುವಾದರೆ ತಾಯಿಯಿಂದ ತಂದೆಯ ಹೆಸರನ್ನು ಹೇಳಿಸಿ, ಇಬ್ಬರನ್ನೂ ಸಭೆಯ ಎದುರಿಗೆ ನಿಲ್ಲಿಸಿ ತಪ್ಪೊಪ್ಪಿಸುತ್ತಿತ್ತು. ದಂಡದ ಹಣ ಬಡವರ ಪೆಟ್ಟಿಗೆಗೆ ಸೇರುತ್ತಿತ್ತು. ಆ ಪೆಟ್ಟಿಗೆಯಿಂದ ಯಾವ ವಿಧವೆಗೆ, ಯಾವ ಕುಂಟನಿಗೆ ಎಷ್ಟು ಕೊಟ್ಟಿತೆಂಬುದನ್ನೂ ಸಭೆಯೇ ಬರೆದಿಡುತ್ತಿತ್ತು. ಬಡವರ ವಂಶಶೋಧನೆಗೆ ಇದಕ್ಕಿಂತ ಸಮೃದ್ಧವಾದ ಆಕರವಿಲ್ಲವೆಂದು ನಮ್ಮ ಅಭಿ‌ಪ್ರಾಯ. ಆದರೆ ಇದನ್ನು ಬಳಸುವಾಗ ಒಂದು ಕಟುಸತ್ಯವನ್ನು ಮರೆಯಲಾಗದು. ಯಾರ ತಂಟೆಗೂ ಹೋಗದೆ, ಯಾರ ಹತ್ತಿರವೂ ಬೇಡದೆ ಬಾಳಿದ ಕುರಿಗಾಹಿಗೆ ಬಹುಮಟ್ಟಿಗೆ ದೊರೆಯುವುದು ಒಂದು ದೀಕ್ಷಾಸ್ನಾನದ ಸಾಲು ಮಾತ್ರ. ತಪ್ಪಿ ನಡೆದವನಿಗೆ, ಹಸಿದವನಿಗೆ ಪುಟಗಟ್ಟಲೆ ಬರಹವಿದೆ. ಭೂಮಾಲಿಕನ ಹೆಸರು ಆತನ ಹಕ್ಕಿನ ಕಾರಣದಿಂದ ದಾಖಲೆಗೆ ಬಂದರೆ, ಆಳಿನ ಹೆಸರು ಆತನ ಅವಮಾನದ ಕಾರಣದಿಂದ ಬಂದಿತು. ಹೀಗಾಗಿ ಇಂಥ ಪುಸ್ತಕಗಳಿಂದ ಒಂದು ಸೀಮೆಯ ಜನರ ನೀತಿಯನ್ನು ಅಳೆಯಹೊರಟ ಕೆಲವರು ಹಳ್ಳಿಗರೆಲ್ಲ ದುರ್ನಡತೆಯವರೆಂಬ ತೀರ್ಮಾನಕ್ಕೆ ಬಂದಿರುವುದು ನ್ಯಾಯವಲ್ಲ. ಪೊಲೀಸ್ ಠಾಣೆಯ ಪುಸ್ತಕವನ್ನು ಓದಿ ಊರಿನ ಸ್ವಭಾವವನ್ನು ನಿರ್ಣಯಿಸಿದಂತಾಗುತ್ತದೆ ಅದು. ಮನೆತನದವರು ಬರೆದುಕೊಂಡ ಚರಿತ್ರೆಯಲ್ಲಿ ಬಿಟ್ಟುಹೋದ ಮಕ್ಕಳು ಸೆಷನ್ನಿನ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುತ್ತಾರೆಂಬುದಂತೂ ನಿಜ. ಹಾಗ್ ಕವಿಗೆ ೧೮೨೦ರಲ್ಲಿ ಆದ ವಿವಾಹಕ್ಕೆ ಮುಂಚೆಯೇ ಇಬ್ಬರು ಹೆಣ್ಣುಮಕ್ಕಳಿದ್ದರು. ಆತನ ಆತ್ಮಕಥನದಲ್ಲಿ ಅವರ ಸುದ್ದಿಯಿಲ್ಲ. ೧೮೪೫ರ ಕಾನೂನಿನಿಂದ ಬಡವರ ಪೋಷಣೆ ಪ್ಯಾರಿಷ್ ಮಂಡಲಿಗಳ ಕೈಸೇರಿದ ಮೇಲೆ, ಸಹಾಯ ಕೇಳಿದವನು ಯಾವ ಪ್ಯಾರಿಷಿನ ಹೊಣೆಯೆಂದು ನಿರ್ಣಯಿಸಲು ಆತನ ಹುಟ್ಟೂರು, ವಯಸ್ಸು, ಮಕ್ಕಳು, ಹಿಂದಿನ ವಾಸಸ್ಥಳ ಎಲ್ಲವನ್ನೂ ಕೆದಕಿ ಬರೆಯತೊಡಗಿದರು. ಎರಡು ಪ್ಯಾರಿಷುಗಳು ಒಬ್ಬ ಮುದುಕನನ್ನು ಒಂದರ ಮೇಲೊಂದು ತಳ್ಳಲು ನಡೆಸಿದ ವ್ಯವಹಾರ ಇಂದು ಆತನ ಮರಿಮಕ್ಕಳಿಗೆ ವಂಶಾವಳಿಯಾಗಿದೆ.

ಹೆಸರುಗಳು ಹೊರಗಿನಿಂದ ನೋಡುವವನಿಗೆ ತೊಡಕು, ಒಳಗಿನ ನಿಯಮ ತಿಳಿದವನಿಗೆ ಸಹಾಯ. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಹಿರಿಯ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯ ಹೆಸರು: ಇದು ಸ್ಕಾಟರ ಬಳಕೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮದುವೆಯಾದ ಹೆಣ್ಣಿನ ತೌರುಮನೆಯ ಹೆಸರನ್ನು ದಾಖಲೆಗಳಲ್ಲಿಯೂ ಸಮಾಧಿಯ ಕಲ್ಲಿನ ಮೇಲೂ ಉಳಿಸಿಕೊಳ್ಳುವುದು ಇನ್ನೊಂದು ಸದಭ್ಯಾಸ. ಇಂಗ್ಲೆಂಡಿನ ಶೋಧಕನಿಗೆ ಇಲ್ಲದ ಸೌಕರ್ಯ ಇದು. ಹಾಗನ ತಾಯಿ ಸಾಯುವವರೆಗೂ ಮಾರ್ಗರೆಟ್ ಲೇಡ್‌ಲಾ ಆಗಿಯೇ ಉಳಿದುದರಿಂದ ಎರಡು ಮನೆತನಗಳ ಸಂಬಂಧ ಸುಲಭವಾಗಿ ಸಿದ್ಧವಾಗುತ್ತದೆ. ಆದರೆ ಈ ನಿಯಮಗಳಿಂದ ಪೇಚಾಟವೂ ಉಂಟು. ಹಾಗನು ೧೭೯೦ರಿಂದ ಹತ್ತು ವರ್ಷ ಕುರಿ ಕಾಯ್ದುಕೊಂಡಿದ್ದ ಯಾರೋ ಪ್ಯಾರಿಷಿನ ಬ್ಲ್ಯಾಕ್‌ಹೌಸ್ ಒಕ್ಕಲಿನ ಗೇಣಿದಾರನ ಹೆಸರು ಜೇಮ್ಸ್ ಲೇಡ್‌ಲಾ. ಆತನ ಮಗ ವಿಲಿಯಂ ಲೇಡ್‌ಲಾ, ಮುಂದೆ ಸ್ಕಾಟನ ಲಿಪಿಕಾರನಾದವನು. ಕೆನಡಾಕ್ಕೆ ಹೋದ ಜೇಮ್ಸ್ ಲೇಡ್‌ಲಾನಿಗೂ ವಿಲಿಯಂ ಎಂಬ ಮಗನಿದ್ದನು. ಆತನು ೧೮೧೮ರಲ್ಲಿ ತಂದೆಯೊಡನೆ ಹಡಗು ಹತ್ತದೆ ಹಿಂದೆ ಉಳಿದನು. ಒಂದೇ ಕಾಲ, ಅಕ್ಕಪಕ್ಕದ ಕಣಿವೆಗಳು, ತಂದೆಮಕ್ಕಳಿಬ್ಬರ ಹೆಸರೂ ಒಂದೇ, ಎರಡು ಮನೆಗೂ ಹಾಗ್ ಕವಿಯ ಬಳಕೆ. ಒಕ್ಕಲುಮನೆಯ ಹೆಸರನ್ನು ಕೈಬಿಟ್ಟು ಬರಿಯ ಮನೆತನದ ಹೆಸರನ್ನು ನಂಬಿದವನು ಈ ಇಬ್ಬರನ್ನೂ ಒಬ್ಬನನ್ನಾಗಿ ಮಾಡದೆ ಇರಲಾರನು.

೧೮೧೮ರ ಆ ಪ್ರಯಾಣದ ವಿವರಗಳು ನಮಗೆ ದೊರೆಯುವುದು ಯಾವ ಸರ್ಕಾರಿ ಕಾಗದದಿಂದಲೂ ಅಲ್ಲ, ಮುಖ್ಯವಾಗಿ ಜೇಮ್ಸನ ಮಗ ವಾಲ್ಟರ್ ಇಟ್ಟಿದ್ದ ದಿನಚರಿಯಿಂದ. ದಾರಿಯಲ್ಲಿ ಸೊಸೆ ಆಗ್ನೆಸ್ ಹೆತ್ತ ಹೆಣ್ಣುಮಗು ಸಮುದ್ರದ ಮೇಲೆ ಹುಟ್ಟಿದ್ದು. ಆ ಮಗುವಿಗೆ ತನ್ನದೆನ್ನುವ ಪ್ಯಾರಿಷೇ ಇಲ್ಲ. ಮನ್ರೋ ೨೦೦೬ರಲ್ಲಿ ಪ್ರಕಟಿಸಿದ ‘ದಿ ವ್ಯೂ ಫ್ರಮ್ ಕಾಸಲ್ ರಾಕ್’ ಎಂಬ ಪುಸ್ತಕ ಈ ಕುಟುಂಬದ ಕಥೆ. ಎಡಿನ್‌ಬರೊ ಕೋಟೆಯ ಬಂಡೆಯ ಮೇಲೆ ಹತ್ತಿಸಿ, ಫೋರ್ತ್ ಕೊಲ್ಲಿಯಾಚೆಯ ಫೈಫಿನ ದಂಡೆಯನ್ನು ತೋರಿಸಿ, ಅದೇ ಅಮೆರಿಕವೆಂದು ಮಗನಿಗೆ ಹೇಳಿದ ಮುದುಕನ ಪ್ರಸಂಗದಿಂದ ಅದರ ಹೆಸರು ಬಂದಿದೆ. ಮನ್ರೋ ಎಟ್ರಿಕ್ಕಿಗೆ ಹೋಗಿ ಕಲ್ಲುಗಳನ್ನು ಓದಿ, ಪಾದ್ರಿಯ ಹಳೆಯ ವಿವರಣೆಯನ್ನು ನೋಡಿ, ಸಿಕ್ಕದಿದ್ದುದನ್ನು ಊಹೆಯಿಂದ ತುಂಬಿದರು. ತುಂಬಿದ್ದೇನೆಂದು ಮುನ್ನುಡಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಯೂ ಇದ್ದಾರೆ. ಕಥೆಗಾರರಿಗೆ ಆ ಸ್ವಾತಂತ್ರ್ಯ ಸಲ್ಲುತ್ತದೆ. ಇದೇ ಪುಸ್ತಕವನ್ನು ವಂಶಚರಿತ್ರೆಯ ಪ್ರಮಾಣವೆಂದು ಉದ್ಧರಿಸುವವರಿಗೆ ಸಲ್ಲುವುದಿಲ್ಲ. ಒಂದು ಸಂಗತಿಯನ್ನು ಮಾತ್ರ ಊಹೆಯ ನೆರವಿಲ್ಲದೆ ಹೇಳಬಹುದು. ಒಂಟೇರಿಯೊ ಪ್ರಾಂತದ ಎಸ್ಕ್ವೆಸಿಂಗ್ ಸೀಮೆಯಲ್ಲಿ ಇಂಥ ಗಡಿನಾಡಿನ ವಲಸಿಗರು ಕಟ್ಟಿಕೊಂಡ ಚರ್ಚಿಗೆ ಬಾಸ್ಟನ್ ಚರ್ಚು ಎಂದು ಹೆಸರು. ಅಮೆರಿಕದ ಬಾಸ್ಟನ್ ನಗರಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಎಟ್ರಿಕ್ಕಿನ ಪಾದ್ರಿ ತಾಮಸ್ ಬಾಸ್ಟನನ ಹೆಸರು. ಆತನು ಸತ್ತು ಸುಮಾರು ತೊಂಬತ್ತು ವರ್ಷಗಳ ಮೇಲೆ, ಸಾಗರದಾಚೆಗೆ, ಜನ ಎಲ್ಲಿಂದ ಬಂದವರೆಂಬುದಕ್ಕೆ ಅದೊಂದು ಸಾಕ್ಷ್ಯವಾಗಿ ನಿಂತಿದೆ.

ಸ್ಕಾಟ್ಲೆಂಡಿನಲ್ಲಿ ಸರ್ಕಾರದ ನೋಂದಣಿ ೧೮೫೫ರ ಜನವರಿ ೧ರಿಂದ ಕಡ್ಡಾಯವಾಯಿತು. ಒಂಬೈನೂರಕ್ಕೂ ಮಿಕ್ಕ ಪ್ಯಾರಿಷುಗಳ ಹಳೆಯ ಪುಸ್ತಕಗಳನ್ನು ಎಡಿನ್‌ಬರೊದಲ್ಲಿ ಒಟ್ಟುಗೂಡಿಸಲು ವಿಧಿಸಿದುದೂ ಅದೇ ಕಾನೂನು. ಜನಗಣತಿಯಲ್ಲಿ ಹೆಸರುಗಳು ಬರುವುದು ೧೮೪೧ರಿಂದ. ಆ ವರ್ಷ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದುದರಿಂದ ಎಚ್ಚರಿಕೆ ಬೇಕು. ಹುಟ್ಟಿದ ಪ್ಯಾರಿಷು ತಿಳಿಯುವುದು ೧೮೫೧ರಿಂದ. ನೂರು ವರ್ಷಗಳ ಗೋಪ್ಯತೆ ಮುಗಿದ ೧೯೨೧ರ ಗಣತಿಯನ್ನು ೨೦೨೨ರಲ್ಲಿ ಬಿಡುಗಡೆ ಮಾಡಿದರು. ಸೆಷನ್ನುಗಳ ನಡವಳಿ ಪುಸ್ತಕಗಳ ಛಾಯಾಪ್ರತಿಗಳನ್ನು ೨೦೨೧ರಿಂದ ಎಲ್ಲಿಂದಲಾದರೂ ಗಣಕಯಂತ್ರದಲ್ಲಿ ಓದಬಹುದಾಗಿದೆ. ಧಾರವಾಡದಲ್ಲಿ ಕುಳಿತ ವಿದ್ಯಾರ್ಥಿಗೂ ಇವು ನಿಲುಕದವಲ್ಲ.

ಇವುಗಳಲ್ಲಿ ೧೮೫೫ರ ಒಂದು ವರ್ಷದ ದಾಖಲೆಗಳಿಗೆ ವಿಶೇಷ ಸ್ಥಾನವಿದೆ. ಅಧಿಕಾರಿಗಳು ಮೊದಲ ಉತ್ಸಾಹದಲ್ಲಿ ಕೇಳಿದ ಪ್ರಶ್ನೆಗಳು ಎಷ್ಟಿದ್ದವೆಂದರೆ, ಬರೆದುಕೊಳ್ಳುವವರಿಗೆ ಭಾರವಾಗಿ ಮುಂದಿನ ವರ್ಷವೇ ಹಲವನ್ನು ಕೈಬಿಡಬೇಕಾಯಿತು. ಆ ವರ್ಷದ ಮರಣದ ನಮೂದಿನಲ್ಲಿ ಸತ್ತವನ ಹುಟ್ಟೂರು, ತಂದೆಯ ಹೆಸರು ಮತ್ತು ಕಸುಬು, ತಾಯಿಯ ತೌರುಮನೆಯ ಹೆಸರು, ಮದುವೆಯ ವಿವರ, ಹುಟ್ಟಿದ ಮಕ್ಕಳೆಲ್ಲರ ಹೆಸರು, ಹೂಳಿದ ಸ್ಥಳ ಎಲ್ಲವೂ ಇರುತ್ತವೆ. ಎಂಬತ್ತು ವರ್ಷ ಬದುಕಿ ೧೮೫೫ರಲ್ಲಿ ಸತ್ತ ಕುರಿಗಾಹಿಯೊಬ್ಬನ ನಮೂದು ಹಾಗ್ ಕವಿ ಹುಟ್ಟಿದ ಕಾಲದ ತಂದೆತಾಯಿಗಳನ್ನು ಹೆಸರಿಸುತ್ತದೆ. ಹಿಂದಿನ ಡಿಸೆಂಬರಿನಲ್ಲಿಯೇ ಸತ್ತ ಆತನ ನೆರೆಯವನಿಗೆ ಇದೊಂದೂ ಇಲ್ಲ. ಆದರೆ ಈ ಅಂಕಣಗಳನ್ನು ತುಂಬಿದ್ದು ಸತ್ತವನಲ್ಲ, ರಿಜಿಸ್ಟ್ರಾರನ ಎದುರಿಗೆ ನಿಂತು ಉತ್ತರ ಹೇಳಿದವನು. ಆತನ ಹೆಸರೂ ಸತ್ತವನೊಡನೆ ಆತನಿಗಿದ್ದ ಸಂಬಂಧವೂ ಪಕ್ಕದಲ್ಲಿಯೇ ಇರುತ್ತವೆ. ಶೋಧಕನು ಮೊದಲು ಓದಬೇಕಾದುದು ಅದನ್ನೇ. ಮನೆಯಲ್ಲಿದ್ದ ಮಗನೋ ಮಗಳೋ ಹೇಳಿದ್ದರೆ ಅಜ್ಜಿಯ ತೌರಿನ ಹೆಸರು ಬಂದಿರುತ್ತದೆ. ಅದೇ ವರ್ಷ ಮೇ ತಿಂಗಳಲ್ಲಿ ಹೊಸದಾಗಿ ಆ ಒಕ್ಕಲಿಗೆ ಬಂದ ಆಳೊಬ್ಬನು ಹೇಳಿದ್ದರೆ, ತಂದೆತಾಯಿಗಳ ಎರಡು ಅಂಕಣಗಳೂ ಖಾಲಿಯಾಗಿರುತ್ತವೆ.